ಮೂರು ಕಣ್ಣಿನ ಪ್ರೊಜೆಕ್ಟರ್: ಟ್ಯೂಬಿನ ಕೂಲಂಟ್ ಮಂಜಾದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆ ಬನಹಟ್ಟಿ. ನಮ್ಮಪ್ಪ 90ರ ದಶಕದಲ್ಲಿ ವಿಡಿಯೋ ಶೋ ನಡೆಸುತ್ತಿದ್ದರು. ಆಗ ತಂದ ಮೂರು ಲೆನ್ಸಿನ, ಕೆಂಪು, ಹಸಿರು, ನೀಲಿಗೆ ಒಂದೊಂದು 7 ಇಂಚು ಪಿಕ್ಚರ್ ಟ್ಯೂಬ್ ಇರುವ ಪ್ರೊಜೆಕ್ಟರ್ ಇಷ್ಟು ವರ್ಷ ಅಟ್ಟದ ಮೇಲೇ ಇತ್ತು. ಹೋದ ತಿಂಗಳು ಇಳಿಸಿ ಚಾಲೂ ಮಾಡಿದೆ. ಚಿತ್ರ ಬಂತು. ಆದರೆ ಹಸಿರು ಟ್ಯೂಬಿನದ್ದು ಮಂಜು ಕವಿದ ಹಾಗಿದೆ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಹತ್ತಿ ಎಳೆಯಂಥದ್ದು ತೇಲುತ್ತಿದೆ. ನೀಲಿ ಟ್ಯೂಬಿನ ಮೇಲ್ಭಾಗದಲ್ಲಿ ದೊಡ್ಡ ಗಾಳಿಗುಳ್ಳೆ ಇದೆ, ಅದರ ಕೆಳಗೆ ತಗಡಿನ ಮೇಲೆ ಜಿಗುಟು ಜಿಗುಟಾಗಿ ಏನೋ ಸುರಿದಿದೆ. ಗ್ಯಾರೇಜಿನವರು ಕಾರಿನ ಕೂಲಂಟ್ ಹಾಕಿದರೆ ಆಯ್ತು ಅಂತಾರೆ. ಹಾಕಬಹುದಾ? ಯುಗಾದಿ ಹೊತ್ತಿಗೆ ಅಪ್ಪನಿಗೆ ಹಳೇ ಮದುವೆ ಕ್ಯಾಸೆಟ್ ಇದರಲ್ಲೇ ತೋರಿಸಬೇಕು ಅಂತ ಆಸೆ.

ಉತ್ತರ:

ಮೊದಲು ಒಂದು ಮಾತು. ಪ್ಲಗ್ ಕಿತ್ತು ಇಡಿ. ಇನ್ನೊಂದು ಸಲ ಚಾಲೂ ಮಾಡಿ ನೋಡೋಣ ಅನ್ನಿಸಿದರೂ ಬೇಡ. ಹಸಿರು ಟ್ಯೂಬಿನ ಮಂಜಿಗಿಂತ ನನಗೆ ಜಾಸ್ತಿ ಹೆದರಿಕೆ ಇರುವುದು ನೀಲಿ ಟ್ಯೂಬಿನ ಗುಳ್ಳೆಯದ್ದು. ಮಂಜು ಚಿತ್ರ ಕೆಡಿಸುತ್ತದೆ ಅಷ್ಟೇ. ಸೋರಿಕೆ ಟ್ಯೂಬನ್ನೇ ತೆಗೆದುಕೊಂಡು ಹೋಗುತ್ತದೆ.

ಕಾರಿನ ಕೂಲಂಟ್ ಹಾಕಬೇಡಿ. ಯಾಕೆ ಅಂತ ಹೇಳಬೇಕಾದರೆ ಟ್ಯೂಬಿನ ಮುಂದೆ ತುಂಬಿರುವ ಕೂಲಂಟ್ ದ್ರವ ಅಲ್ಲಿ ಏನು ಕೆಲಸ ಮಾಡುತ್ತದೆ ಅನ್ನುವುದರಿಂದ ಶುರು ಮಾಡಬೇಕು. ಬಹಳ ಜನ ಅದನ್ನು ಬರೀ ತಂಪು ಮಾಡುವ ನೀರು ಅಂದುಕೊಂಡಿದ್ದಾರೆ. ತಂಪು ಮಾಡುವುದು ಅದರ ಅರ್ಧ ಕೆಲಸ. ಉಳಿದರ್ಧ ಕೆಲಸ ಲೆನ್ಸಿನದು. ಟ್ಯೂಬಿನ ಮುಖದಿಂದ ಪರದೆವರೆಗೆ ಬೆಳಕು ದಾಟಿ ಹೋಗುವ ಗಾಜುಗಳ ಸಾಲಿನಲ್ಲಿ ಆ ದ್ರವವೂ ಒಂದು.

ಮನೆಯ 21 ಇಂಚಿನ ಹಳೇ ಟಿವಿಯಲ್ಲಿ ಎಲೆಕ್ಟ್ರಾನ್ ಕಿರಣ ದೊಡ್ಡ ಗಾಜಿನ ಮೇಲೆಲ್ಲಾ ಹರಡಿ ಬೀಳುತ್ತದೆ. ನಿಮ್ಮ ಪ್ರೊಜೆಕ್ಟರಿನ 7 ಇಂಚು ಟ್ಯೂಬಿನಲ್ಲಿ ಚಿತ್ರ ಮೂಡುವ ಜಾಗ ಕರ್ಣದಲ್ಲಿ ಸುಮಾರು 5 ಇಂಚು ಮಾತ್ರ. ಅಂಗೈ ಅಗಲ. ಅಷ್ಟು ಚಿಕ್ಕ ಜಾಗದ ಮೇಲೆ 30 ಸಾವಿರ ವೋಲ್ಟಿಗಿಂತ ಜಾಸ್ತಿ ಒತ್ತಡದಲ್ಲಿ ಕಿರಣ ಬಂದು ಬಡಿಯುತ್ತದೆ. ಗೋಡೆಯಗಲ ಚಿತ್ರ ಬೀಳಬೇಕಲ್ವಾ, ಅದಕ್ಕೆ ಅಷ್ಟು ಬೆಳಕು ಬೇಕು. ಬಡಿದ ಶಕ್ತಿಯಲ್ಲಿ ಬಹುಪಾಲು ಬೆಳಕಾಗುವುದಿಲ್ಲ, ಶಾಖವಾಗುತ್ತದೆ. ಗಾಜಿನ ಮಧ್ಯಭಾಗ ಕಾಯುತ್ತದೆ, ಅಂಚು ತಣ್ಣಗಿರುತ್ತದೆ. ಚೆನ್ನಾಗಿ ಕಾದ ಗಾಜಿನ ಲೋಟದ ಒಂದು ಬದಿಗೆ ತಣ್ಣೀರು ಬಿದ್ದರೆ ಏನಾಗುತ್ತದೋ ಅದೇ ಇಲ್ಲೂ ಆಗಬಹುದು. ಜೊತೆಗೆ ಫಾಸ್ಫರ್, ಅಂದರೆ ಗಾಜಿನ ಒಳಮೈಗೆ ಬಳಿದ, ಕಿರಣ ಬಡಿದಾಗ ಬೆಳಗುವ ಪುಡಿ, ಬಿಸಿಯಾದಷ್ಟೂ ಬೆಳಕು ಕಡಿಮೆ ಕೊಡುತ್ತದೆ, ಬೇಗ ಸವೆಯುತ್ತದೆ. ಅದಕ್ಕೇ ಟ್ಯೂಬಿನ ಮುಖದ ಮುಂದೆ ಅಲ್ಯುಮಿನಿಯಂ ಚೌಕಟ್ಟಿನ ಒಂದು ಸಣ್ಣ ತೊಟ್ಟಿ ಕಟ್ಟಿ, ಅದರಲ್ಲಿ ದ್ರವ ತುಂಬುತ್ತಾರೆ. ದ್ರವ ಗಾಜಿನ ಶಾಖ ತೆಗೆದುಕೊಂಡು ಅಲ್ಯುಮಿನಿಯಂಗೆ ಮುಟ್ಟಿಸುತ್ತದೆ, ಅಲ್ಲಿಂದ ಫ್ಯಾನಿನ ಗಾಳಿ ಅದನ್ನು ಹೊರಗೆ ಒಯ್ಯುತ್ತದೆ.

ನೀಲಿ ಟ್ಯೂಬಿನ ಗುಳ್ಳೆ ಯಾಕೆ ಅಪಾಯ ಅಂತ ಈಗ ಗೊತ್ತಾಯಿತಲ್ಲ. ಗುಳ್ಳೆ ಇರುವ ಕಡೆ ಗಾಜಿಗೆ ತಂಪು ಮುಟ್ಟುತ್ತಿಲ್ಲ. ಮೇಲಂಚಿನಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಇದ್ದು, ಅದು ಚಿತ್ರ ಮೂಡುವ ಜಾಗದಿಂದ ಹೊರಗಿದ್ದರೆ ಚಿಂತೆ ಬೇಡ. ಚಿತ್ರದ ಜಾಗದೊಳಗೆ ಇಳಿದಿದ್ದರೆ ಅಲ್ಲಿನ ಗಾಜು ಒಂದೇ ಕಡೆ ಕಾದು ಬಿರುಕು ಬಿಡಬಹುದು. ಟ್ಯೂಬಿನೊಳಗೆ ನಿರ್ವಾತ ಇರುತ್ತದೆ. ಬಿರುಕು ಬಿಟ್ಟರೆ ಮುಗಿಯಿತು. ಈ ಟ್ಯೂಬುಗಳನ್ನು ಕಂಪನಿಗಳು ಹೊಸದಾಗಿ ಮಾಡುವುದು ನಿಲ್ಲಿಸಿ ಎಷ್ಟೋ ವರ್ಷ ಆಯಿತು. ಇರುವುದನ್ನು ಉಳಿಸಿಕೊಳ್ಳಬೇಕು.

ಇನ್ನು ಲೆನ್ಸಿನ ಕೆಲಸ. ಬೆಳಕು ಗಾಜಿನಿಂದ ಗಾಳಿಗೆ ದಾಟುವಾಗ ನೂರಕ್ಕೆ ಸುಮಾರು 4 ಪಾಲು ವಾಪಸ್ ಹೋಗುತ್ತದೆ. ಹಾಗೆ ವಾಪಸ್ ಹೋದ ಬೆಳಕು ಟ್ಯೂಬಿನ ಮುಖಕ್ಕೇ ಬಿದ್ದು, ಕಪ್ಪಾಗಿರಬೇಕಾದ ಜಾಗವನ್ನೂ ಬೆಳಗಿಸುತ್ತದೆ. ಕಪ್ಪು ಬೂದಿಯಾಗುತ್ತದೆ, ದೀಪದ ಸುತ್ತ ಪ್ರಭೆ ಬರುತ್ತದೆ. ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆಗೆ ವಕ್ರೀಭವನ ಸೂಚ್ಯಂಕ ಅನ್ನುತ್ತಾರೆ; ಗಾಜಿನದು ಸುಮಾರು 1.52, ಗಾಳಿಯದು 1. ಈ ತೊಟ್ಟಿಗೆ ತುಂಬುವ ಎಥಿಲೀನ್ ಗ್ಲೈಕಾಲ್‌ನದು 1.43, ಗ್ಲಿಸರಿನ್‌ನದು 1.47. ಗಾಜಿಗೂ ದ್ರವಕ್ಕೂ ವ್ಯತ್ಯಾಸ ಇಷ್ಟು ಕಡಿಮೆ ಇರುವುದರಿಂದ ಅಲ್ಲಿ ವಾಪಸಾಗುವ ಬೆಳಕು ನೂರಕ್ಕೆ 0.1 ಪಾಲಿನ ಆಸುಪಾಸು. ಗಾಜಿನ ಕಡ್ಡಿಯೊಂದನ್ನು ಗ್ಲಿಸರಿನ್ ಬಾಟಲಿಯಲ್ಲಿ ಅದ್ದಿ ನೋಡಿ. ಅದ್ದಿದ ಭಾಗ ಕಣ್ಣಿಗೇ ಸರಿಯಾಗಿ ಕಾಣುವುದಿಲ್ಲ. ನಿಮ್ಮ ಟ್ಯೂಬಿನ ಮುಂದೆಯೂ ಇದೇ ಆಗಬೇಕು. ದ್ರವ ಇದೆ ಅಂತ ಬೆಳಕಿಗೆ ಗೊತ್ತೇ ಆಗಬಾರದು.

ಕಾರಿನ ಕೂಲಂಟಿನಲ್ಲೂ ಎಥಿಲೀನ್ ಗ್ಲೈಕಾಲ್ ಇರುತ್ತದೆ, ನಿಜ. ಗ್ಯಾರೇಜಿನವರು ಸುಳ್ಳು ಹೇಳಿಲ್ಲ. ಆದರೆ ಅದರಲ್ಲಿ ಹಸಿರೋ ಗುಲಾಬಿಯೋ ಬಣ್ಣ ಹಾಕಿರುತ್ತಾರೆ, ತುಕ್ಕು ತಡೆಯುವ ಉಪ್ಪುಗಳನ್ನು ಸೇರಿಸಿರುತ್ತಾರೆ, ಎಷ್ಟೋ ಬ್ರ್ಯಾಂಡುಗಳಲ್ಲಿ ಅರ್ಧ ನೀರೇ ಇರುತ್ತದೆ. ಬಣ್ಣ ನಿಮ್ಮ ಚಿತ್ರದ ಬಣ್ಣವನ್ನು ತಿನ್ನುತ್ತದೆ. ಉಪ್ಪುಗಳು ಕಾಲಕ್ರಮೇಣ ಗಾಜಿನ ಮೇಲೆ ಬೆಳ್ಳಗೆ ಕೂರುತ್ತವೆ. ಮೇಲಾಗಿ, ಉಪ್ಪು ಕರಗಿದ ದ್ರವ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. 30 ಸಾವಿರ ವೋಲ್ಟ್ ಓಡಾಡುವ ಪೆಟ್ಟಿಗೆಯಲ್ಲಿ ಅದು ಸೋರಿದರೆ ಬೋರ್ಡಿನ ಗತಿ ಏನು ಅಂತ ಯೋಚಿಸಿ.

ಈಗ ನಿಮ್ಮ ಹಸಿರು ಟ್ಯೂಬಿಗೆ ಬರೋಣ. ಹತ್ತಿಯಂಥದ್ದು ತೇಲುತ್ತಿದೆ ಅಂದಿರಿ. ಅದು ನಿಜವಾಗಿ ದ್ರವದಲ್ಲೇ ಇದೆಯಾ, ಇಲ್ಲ ಲೆನ್ಸಿನ ಮೇಲಿನ ದೂಳಾ, ಇಲ್ಲ ಟ್ಯೂಬಿನ ಫಾಸ್ಫರ್ ಸುಟ್ಟಿದ್ದಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಪ್ಲಗ್ ಕಿತ್ತ ಸ್ಥಿತಿಯಲ್ಲಿ ಕೋಣೆ ಕತ್ತಲು ಮಾಡಿ. ಟಾರ್ಚನ್ನು ನೇರ ಬಿಡದೆ ಲೆನ್ಸಿನ ಬದಿಯಿಂದ ಓರೆಯಾಗಿ ಬಿಡಿ. ಒಳಗೆ ಫಾಸ್ಫರ್ ಬೆಳ್ಳಗೆ ಕಾಣುತ್ತದೆ. ಅದರ ಮೇಲೆ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದ ಒಂದು ಆಯತ ಇದ್ದೇ ಇರುತ್ತದೆ, ಅದು ವರ್ಷಗಟ್ಟಲೆ ಚಿತ್ರ ಬಿದ್ದು ಸವೆದ ಗುರುತು. ಈಗ ನಿಮ್ಮ ತಲೆಯನ್ನು ನಿಧಾನ ಎಡಕ್ಕೂ ಬಲಕ್ಕೂ ಆಡಿಸಿ. ಮಚ್ಚೆಗಳು ಆ ಆಯತಕ್ಕೆ ಅಂಟಿಕೊಂಡ ಹಾಗೆ ಅಲ್ಲೇ ನಿಂತರೆ ಅದು ಸುಟ್ಟ ಫಾಸ್ಫರ್. ಅದಕ್ಕೆ ಔಷಧಿ ಇಲ್ಲ. ಮಚ್ಚೆಗಳು ಆಯತದ ಮುಂದೆ ಸ್ವಲ್ಪ ಸರಿದ ಹಾಗೆ ಕಂಡರೆ ಅವು ದ್ರವದಲ್ಲೋ ಅದರ ಮುಂದಿನ ಗಾಜಿನ ಒಳಮೈಯಲ್ಲೋ ಇವೆ. ತುಂಬಾ ಜಾಸ್ತಿ ಸರಿದರೆ ಲೆನ್ಸಿನ ಮೇಲಿವೆ. ಈ ಒಂದು ಪರೀಕ್ಷೆ ಮಾಡದೆ ಟ್ಯೂಬ್ ಬಿಚ್ಚಿ, ದ್ರವ ಬದಲಿಸಿ, ಮತ್ತೆ ಅದೇ ಮಚ್ಚೆ ನೋಡಿ ತಲೆ ಮೇಲೆ ಕೈ ಹೊತ್ತು ಕೂತವರನ್ನು ನಾನು ಕಂಡಿದ್ದೇನೆ.

ಹತ್ತಿಯಂತೆ ಇರುವುದನ್ನು ನಾವು ರಿಪೇರಿಯವರೆಲ್ಲ ಫಂಗಸ್ ಅಂತಲೇ ಕರೆಯುತ್ತೇವೆ. ಎಷ್ಟೋ ಸಲ ಅದು ನಿಜವಾದ ಬೂಷ್ಟೇ. ಗ್ಲೈಕಾಲಿಗೆ ನೀರು ಸೇರದೆ ಇರುವವರೆಗೂ ಅದರಲ್ಲಿ ಏನೂ ಸುಲಭಕ್ಕೆ ಬೆಳೆಯುವುದಿಲ್ಲ. ಆದರೆ ಗ್ಲೈಕಾಲ್ ಮತ್ತು ಗ್ಲಿಸರಿನ್ ಎರಡಕ್ಕೂ ಗಾಳಿಯಲ್ಲಿನ ತೇವ ಹೀರುವ ಗುಣ. ಸೀಲು ಒಣಗಿದ ಟ್ಯೂಬು ಮಳೆಗಾಲದ ಮೇಲೆ ಮಳೆಗಾಲ ಕಳೆದರೆ ದ್ರವಕ್ಕೆ ನೀರು ಸೇರುತ್ತದೆ, ಆಮೇಲೆ ಬೂಷ್ಟಿಗೆ ದಾರಿಯಾಗುತ್ತದೆ. ನಮ್ಮ ಬೆಳಗಾವಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಂಡಿ ಹವೆಯಲ್ಲಿ ಇಟ್ಟ ಮಷಿನ್‌ಗಳಲ್ಲಿ ನಾನು ಇದನ್ನು ಜಾಸ್ತಿ ನೋಡಿದ್ದೇನೆ. ವಿಜಯಪುರದ ಕಡೆಯಿಂದ ಬಂದವುಗಳಲ್ಲಿ ಬೂಷ್ಟು ಕಡಿಮೆ, ಸೀಲು ಒಣಗಿ ಬಿರಿದದ್ದು ಜಾಸ್ತಿ. ಇನ್ನು ಕೆಲವು ಸಲ ಮಂಜು ಕಾಣುವುದು ರಬ್ಬರ್ ಸವೆದು ಬಿಟ್ಟ ಪುಡಿಯಿಂದ, ಇಲ್ಲವೇ ಹಳೇ ದ್ರವ ಅಲ್ಯುಮಿನಿಯಂ ಜೊತೆ ಸೇರಿ ಕೂತ ಬಿಳಿ ಗಸಿಯಿಂದ. ಯಾವುದಾದರೂ ಮಾಡುವ ಕೆಲಸ ಒಂದೇ: ಪೂರ್ತಿ ತೆಗೆದು, ತೊಳೆದು, ಹೊಸದು ತುಂಬುವುದು. ಸ್ವಲ್ಪ ತೆಗೆದು ಸ್ವಲ್ಪ ಹಾಕಿದರೆ ಬೂಷ್ಟಿಗೆ ಹೊಸ ಊಟ ಹಾಕಿದ ಹಾಗೆ.

ದ್ರವದ ಬಣ್ಣವನ್ನೂ ನೋಡಿ. ಹಳೇ ಗ್ಲೈಕಾಲ್ ಶಾಖಕ್ಕೆ ನಿಧಾನ ಹಳದಿಯಾಗುತ್ತದೆ, ಹುಳಿಯೂ ಆಗುತ್ತದೆ. ಹಳದಿ ದ್ರವ ನೀಲಿ ಬೆಳಕನ್ನೇ ನುಂಗುವುದು. ಕೆಂಪು ಟ್ಯೂಬಿನ ಮುಂದೆ ಅಷ್ಟೇ ಹಳದಿ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ನೀಲಿ ಟ್ಯೂಬಿನ ಮುಂದೆ ಇದ್ದರೆ ಮದುಮಗಳ ಬಿಳಿ ಹೂವು ಕೆನೆ ಬಣ್ಣಕ್ಕೆ ತಿರುಗಿರುತ್ತದೆ. ನೀಲಿ ಟ್ಯೂಬ್ ಹೇಗೂ ಸೋರಿದೆ, ಬಿಚ್ಚಲೇಬೇಕು. ಕೆಂಪಿನದು ಸ್ವಚ್ಛವಾಗಿದ್ದರೆ ಸುಮ್ನೆ ಮುಟ್ಟಬೇಡಿ.

ಬಿಚ್ಚುವ ಮುಂಚೆ ನಿಮ್ಮ ಮಷಿನ್ ಎರಡು ಬಗೆಯಲ್ಲಿ ಯಾವುದು ಅಂತ ತಿಳಿದಿರಬೇಕು. ಒಂದು ಬಗೆಯಲ್ಲಿ ದ್ರವದ ತೊಟ್ಟಿಗೆ ಅದರದೇ ಚಪ್ಪಟೆ ಗಾಜಿನ ಮುಚ್ಚಳ ಇರುತ್ತದೆ. ಅದರ ಮುಂದೆ ಗಾಳಿ, ಆಮೇಲೆ ಲೆನ್ಸು. ಇದರಲ್ಲಿ ಲೆನ್ಸ್ ಬಿಚ್ಚಿದರೆ ಒಂದು ಹನಿಯೂ ಚೆಲ್ಲುವುದಿಲ್ಲ. ಇನ್ನೊಂದು ಬಗೆಯಲ್ಲಿ ಲೆನ್ಸಿನ ಕಟ್ಟಕಡೆಯ ಬಾಗಿದ ಗಾಜೇ ತೊಟ್ಟಿಯ ಮುಚ್ಚಳ. ಚಿತ್ರದ ಕಪ್ಪು ಇದರಲ್ಲಿ ಇನ್ನೂ ಚೆನ್ನ, ಯಾಕೆಂದರೆ ನಡುವೆ ಗಾಳಿಯೇ ಇಲ್ಲ. ಆದರೆ ಟ್ಯೂಬಿಗೆ ಹತ್ತಿರದ ಸ್ಕ್ರೂಗಳನ್ನು ಗೊತ್ತಿಲ್ಲದೆ ಸಡಿಲಿಸಿದರೆ ಇಡೀ ದ್ರವ ಮಷಿನ್ನಿನೊಳಗೆ ಸುರಿಯುತ್ತದೆ. ಮುಂದಿನ ಲೆನ್ಸ್ ಭಾಗ ತೆಗೆದ ಮೇಲೆ ಕಾಣುವ ಗಾಜು ಚಪ್ಪಟೆಯೋ ಬಾಗಿದ್ದೋ ನೋಡಿದರೆ ಸಾಕು, ತಿಳಿಯುತ್ತದೆ.

ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ದ್ರವ, ಲೆನ್ಸ್ ತೆಗೆದ ಟ್ಯೂಬನ್ನು ಪರೀಕ್ಷೆಗೆ ಅಂತಲೂ ಚಾಲೂ ಮಾಡಬಾರದು. ಶಾಖದ ಮಾತು ಒಂದಾದರೆ, ಅಷ್ಟು ವೋಲ್ಟೇಜಿನಲ್ಲಿ ಟ್ಯೂಬಿನ ಮುಖದಿಂದ ಎಕ್ಸ್‌ರೇ ಹುಟ್ಟುತ್ತದೆ. ಅದನ್ನು ತಡೆಯುವ ಗೋಡೆಯಲ್ಲಿ ಆ ಗಾಜು ಮತ್ತು ದ್ರವ ಕೂಡ ಸೇರಿವೆ.

ಟ್ಯೂಬ್ ಹೊರಗೆ ತೆಗೆಯುವ ಕೆಲಸಕ್ಕೆ ನಿಮ್ಮೂರಿನ ಹಳೇ ಟಿವಿ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಳ್ಳಿ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಕೆಲಸ ಮಾಡಿದವರು ಆಗಬೇಕು. ಪ್ಲಗ್ ಕಿತ್ತು ದಿನವಾದರೂ ಟ್ಯೂಬಿನಲ್ಲಿ ಚಾರ್ಜ್ ಉಳಿದಿರಬಹುದು. ಆ ಚಾರ್ಜನ್ನು ಚಾಸಿಗೆ, ಅಂದರೆ ಮಷಿನ್ನಿನ ಲೋಹದ ಚೌಕಟ್ಟಿಗೆ, ಇಳಿಸಿ ಡಿಸ್‌ಚಾರ್ಜ್ ಮಾಡುವುದು ಅವರ ಕೈಗೆ ರೂಢಿ ಇರುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಟ್ಯೂಬನ್ನು ಎಂದೂ ಕುತ್ತಿಗೆ ಹಿಡಿದು ಎತ್ತಬೇಡಿ. ಕುತ್ತಿಗೆಯ ಸುತ್ತ ಇರುವ ತಂತಿ ಸುರುಳಿ, ಅಂದರೆ ಯೋಕ್, ಎಲ್ಲಿ ಕೂತಿದೆ ಅಂತ ಬಿಳಿ ಪೇಂಟಿನಲ್ಲಿ ಗೆರೆ ಎಳೆಯಿರಿ, ಟ್ಯೂಬಿನ ಯಾವ ಬದಿ ಮೇಲಿತ್ತು ಅಂತ ಬರೆಯಿರಿ, ಪ್ರತಿ ಕನೆಕ್ಟರಿನ ಫೋಟೋ ತೆಗೆಯಿರಿ. ಯೋಕ್ ಒಂದು ಕೂದಲೆಳೆ ತಿರುಗಿದರೂ ಮೂರು ಬಣ್ಣ ಕೂಡಿಸಲು ಆಮೇಲೆ ಇಡೀ ಸಂಜೆ ಬೇಕು.

ದ್ರವ ಬಗ್ಗಿಸುವಾಗ ಅಳತೆಯ ಜಾರ್‌ಗೆ ಬಗ್ಗಿಸಿ. ಸೋರದೆ ಇರುವ ಹಸಿರು ಟ್ಯೂಬಿನಿಂದ ಎಷ್ಟು ಬಂತೋ ಅಷ್ಟೇ ನಿಮಗೆ ಬೇಕಾದ ಪ್ರಮಾಣ. ಎರಡಕ್ಕೂ ಅದೇ ಲೆಕ್ಕ.

ತೊಳೆಯುವುದರಲ್ಲಿ ನಮ್ಮ ಭಾಗದವರು ಮಾಡುವ ದೊಡ್ಡ ತಪ್ಪು ಅಂದರೆ ನಲ್ಲಿ ನೀರು. ಬಾಗಲಕೋಟೆ, ವಿಜಯಪುರದ ಬೋರ್ ನೀರು ಎಂಥದ್ದು ಅಂತ ನಿಮಗೆ ನಾನು ಹೇಳಬೇಕಾ? ಸ್ಟೀಲ್ ತಪ್ಪಲೆಯ ತಳದಲ್ಲಿ ಬಿಳಿ ಪದರ ಕಟ್ಟುವ ನೀರು ಗಾಜಿನ ಮೇಲೂ ಕಟ್ಟುತ್ತದೆ. ನಾನು ಕಲಿಯುವ ಕಾಲದಲ್ಲಿ ಒಂದು ಟ್ಯೂಬನ್ನು ಬೋರ್ ನೀರಿನಲ್ಲಿ ತೊಳೆದು ಕೊಟ್ಟಿದ್ದೆ. ಕಣ್ಣಿಗೆ ಸ್ವಚ್ಛವೇ ಇತ್ತು. ಚಾಲೂ ಮಾಡಿದ ಮೇಲೆ ಪರದೆಯ ಬಲಮೂಲೆಯಲ್ಲಿ ಹನಿ ಒಣಗಿದ ಗುರುತುಗಳೆಲ್ಲ ತಟ್ಟೆಯಗಲ ಕಂಡವು. ಮತ್ತೆ ಪೂರ್ತಿ ಬಿಚ್ಚಿದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 5 ಲೀಟರ್ ತನ್ನಿ, ಅದರಲ್ಲೇ ತೊಳೆಯಿರಿ. ಮೊದಲ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಸಾಕು. ಹಳೇ ಧೋತರದ ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ, ಉಜ್ಜಬೇಡಿ. ನೊರೆ ಪೂರ್ತಿ ಹೋಗುವವರೆಗೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ನಾಲ್ಕೈದು ಸಲ ತೊಳೆಯಿರಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಕೈ. ಆಮೇಲೆ ದೂಳು ಬೀಳದ ಹಾಗೆ ಮುಚ್ಚಿ ಒಂದು ರಾತ್ರಿ ಒಣಗಲು ಬಿಡಿ. ಮೂಲೆಯಲ್ಲಿ ಒಂದು ಹನಿ ನೀರು ಉಳಿದರೂ ಬೂಷ್ಟಿಗೆ ನೀವೇ ಬೀಜ ಬಿತ್ತಿದ ಹಾಗೆ.

ಸೀಲಿನ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಬಿಚ್ಚಿದ ಮೇಲೆ ಹಳೇ ಓ-ರಿಂಗನ್ನು, ಅಂದರೆ ಸೀಲಿನ ರಬ್ಬರ್ ಬಳೆಯನ್ನು, ಬೆರಳುಗಳ ನಡುವೆ ಹಿಡಿದು ನೋಡಿ. ಹೊಸ ರಿಂಗು ದುಂಡಗೆ, ಒತ್ತಿದರೆ ಮೆತ್ತಗೆ ಇರುತ್ತದೆ. ನಿಮ್ಮದು ಎರಡೂ ಕಡೆ ಚಪ್ಪಟೆಯಾಗಿ, ಮಡಚಿದರೆ ಹೊರಮೈಯಲ್ಲಿ ಕೂದಲಿನಂಥ ಬಿರುಕು ಬಿಡುತ್ತಿರುತ್ತದೆ, ಖಂಡಿತ. ನೀಲಿ ಟ್ಯೂಬ್ ಸೋರಿದ್ದು ಅಲ್ಲೇ. ಗಾಜಿಗೂ ಚೌಕಟ್ಟಿಗೂ ನಡುವೆ ಸಿಲಿಕೋನ್ ಸೀಲಂಟ್ ಬಳಿದು ಮುಗಿಸುವವರು ಇದ್ದಾರೆ. ಮುಂದೆ ಬಿಚ್ಚಬೇಕಾದಾಗ ಗಾಜು ಒಡೆಯುವುದು ಅಂಥ ಕಡೆಯೇ, ಹಾಗಾಗಿ ನಾನು ಒಪ್ಪುವುದಿಲ್ಲ. ಬೆಳಗಾವಿಯ ಉದ್ಯಮಬಾಗ್ ನಮಗೆ ಇಲ್ಲಿ ದೊಡ್ಡ ಅನುಕೂಲ. ಅಲ್ಲಿ ಹೈಡ್ರಾಲಿಕ್ ಮತ್ತು ಮಷಿನ್ ಶಾಪ್‌ಗಳು ಸಾಲುಸಾಲು, ಓ-ರಿಂಗ್ ಅನ್ನುವುದು ಅವರಿಗೆ ದಿನದ ಮಾತು. ಇಪಿಡಿಎಂ ರಬ್ಬರಿನದು ಕೇಳಿ, ಗ್ಲೈಕಾಲ್‌ಗೆ ಅದು ಚೆನ್ನಾಗಿ ತಡೆಯುತ್ತದೆ. ಆ ರಬ್ಬರಿಗೆ ಮಾಮೂಲಿ ಪೆಟ್ರೋಲಿಯಂ ಗ್ರೀಸ್ ಸವರಬಾರದು, ಉಬ್ಬಿಹೋಗುತ್ತದೆ. ಸವರಲೇಬೇಕಾದರೆ ಸಿಲಿಕೋನ್ ಗ್ರೀಸ್, ಅದೂ ಬೆರಳಿಗೆ ಹತ್ತಿಯೂ ಹತ್ತದ ಹಾಗೆ. ಜಾಸ್ತಿಯಾದರೆ ಅದೇ ದ್ರವದಲ್ಲಿ ತೇಲುತ್ತದೆ.

ಸ್ಕ್ರೂ ಬಿಗಿಯುವಾಗ ಕಾರಿನ ಚಕ್ರದ ನಟ್ ನೆನಪಿಟ್ಟುಕೊಳ್ಳಿ. ಒಂದು ಬಿಗಿದ ಮೇಲೆ ಅದರ ಎದುರಿನದ್ದು. ಎಲ್ಲವನ್ನೂ ಮೊದಲು ಬರೀ ಬೆರಳಲ್ಲಿ, ಆಮೇಲೆ ಅಲೆನ್ ಕೀಯಲ್ಲಿ ಕಾಲು ಸುತ್ತು, ಮತ್ತೆ ಕಾಲು ಸುತ್ತು. ರಬ್ಬರ್ ಒತ್ತಿಕೊಂಡರೆ ಸಾಕು, ಅಲ್ಲಿಗೆ ನಿಲ್ಲಿಸಿ. ಚೌಕಟ್ಟು ಅಲ್ಯುಮಿನಿಯಂ, ಥ್ರೆಡ್ ಬೇಗ ಕಿತ್ತುಬರುತ್ತದೆ.

ಯಾವ ದ್ರವ ಹಾಕಬೇಕು? ನಾನು ಬಳಸುವುದು 80 ಪಾಲು ಎಥಿಲೀನ್ ಗ್ಲೈಕಾಲ್, 20 ಪಾಲು ಗ್ಲಿಸರಿನ್. ನೀರು ಸೊನ್ನೆ. ಗ್ಲೈಕಾಲನ್ನು ಲ್ಯಾಬ್ ಕೆಮಿಕಲ್ ಮಾರುವ ಅಂಗಡಿಯಲ್ಲಿ, ಸೀಲ್ ಒಡೆಯದ 500 ಮಿಲಿ ಬಾಟಲಿಯಲ್ಲೇ ಕೊಳ್ಳಿ. ಕಾಲೇಜುಗಳಿಗೆ ಸಾಮಾನು ಕೊಡುವ ಇಂಥ ಅಂಗಡಿ ಬೆಳಗಾವಿಯಲ್ಲೂ ವಿಜಯಪುರದಲ್ಲೂ ಸಿಗುತ್ತವೆ. ಒಡೆದ ತುಟಿಗೆ ಸವರುವ ಗ್ಲಿಸರಿನ್ ಅಲ್ಲ, ಅದೂ ಲ್ಯಾಬ್ ದರ್ಜೆಯದೇ ಇರಲಿ. ಎರಡನ್ನೂ ಕೂಡಿಸಿ ಮೆಲ್ಲಗೆ ಕಲಸಿ, ಅಲ್ಲಾಡಿಸಬೇಡಿ. ಗ್ಲಿಸರಿನ್ ಭಾರ, ಮೊದಲು ತಳದಲ್ಲಿ ಎಣ್ಣೆಯಂತೆ ಗೆರೆಗೆರೆಯಾಗಿ ಸುಳಿದಾಡುತ್ತದೆ. ಆ ಗೆರೆ ಪೂರ್ತಿ ಮಾಯವಾಗುವವರೆಗೂ ಕಲಸಬೇಕು. ಉಳಿದರೆ ಚಿತ್ರದಲ್ಲಿ ಬಿಸಿಲ್ಗುದುರೆ ಆಡಿದ ಹಾಗೆ ಕಾಣುತ್ತದೆ. ಆಮೇಲೆ ಬಾಯಿ ಮುಚ್ಚಿ ಒಂದು ದಿನ ಇಡಿ, ಸಣ್ಣ ಗುಳ್ಳೆಗಳೆಲ್ಲ ಮೇಲೆ ಬಂದು ಒಡೆಯುತ್ತವೆ.

ತುಂಬುವ ದಿನ ಬಾಟಲಿಯನ್ನು ಉಗುರುಬೆಚ್ಚನೆ ನೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿ. ಬೆಚ್ಚಗಾದರೆ ದ್ರವ ತೆಳುವಾಗುತ್ತದೆ. ತುಂಬುವ ತೂತು ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಟ್ಯೂಬನ್ನು ಓರೆ ನಿಲ್ಲಿಸಿ, ಹೊಸ 50 ಮಿಲಿ ಸಿರಿಂಜಿಗೆ ಸಣ್ಣ ಪೈಪು ಹಾಕಿ, ಪೈಪಿನ ತುದಿ ತೊಟ್ಟಿಯ ತಳ ಮುಟ್ಟುವ ಹಾಗೆ ಬಿಟ್ಟು ನಿಧಾನ ತುಂಬಿ. ಮೇಲಿಂದ ಸುರಿದರೆ ನೊರೆ. ಆಮೇಲೆ ತೂತಿಗೆ ಬಟ್ಟೆ ಮುಚ್ಚಿ ರಾತ್ರಿಯಿಡೀ ಬಿಡಿ, ನಡುನಡುವೆ ಚೌಕಟ್ಟನ್ನು ಬೆರಳ ಗಿಣ್ಣಿನಿಂದ ತಟ್ಟಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಅಷ್ಟು ಮಾತ್ರ ಸೇರಿಸಿ. ಕಂಠಮಟ್ಟ ಒತ್ತಿ ತುಂಬಬಾರದು. ದ್ರವ ಬಿಸಿಯಾದಾಗ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಹಿಗ್ಗಿದ್ದನ್ನು ತಾಳಿಕೊಳ್ಳಲು ನಿಮ್ಮ ತೊಟ್ಟಿಯಲ್ಲಿ ಒಂದು ರಬ್ಬರ್ ಪೊರೆ ಇದ್ದರೆ ಅದು ಹರಿದಿಲ್ಲ, ಗಟ್ಟಿಯಾಗಿಲ್ಲ ಅಂತ ಬಿಚ್ಚಿದಾಗಲೇ ನೋಡಿಕೊಳ್ಳಿ. ಪೊರೆ ಇಲ್ಲದಿದ್ದರೆ ಮೇಲಂಚಿನಲ್ಲಿ ಬಿಡುವ ಆ ಕಡಲೆಕಾಳಿನಷ್ಟು ಗುಳ್ಳೆಯೇ ಆ ಕೆಲಸ ಮಾಡುತ್ತದೆ.

ಸೋರಿಕೆ ಪರೀಕ್ಷೆಗೆ ನನಗೆ ಹಳೇ ದಿನಪತ್ರಿಕೆಗಿಂತ ಒಳ್ಳೆಯ ಸಾಧನ ಸಿಕ್ಕಿಲ್ಲ. ಟ್ಯೂಬನ್ನು ಮುಖ ಕೆಳಗೆ ಮಾಡಿ ಮೆತ್ತನೆ ಆಸರೆಯ ಮೇಲೆ ಇಟ್ಟು, ಕೆಳಗೆ ಪತ್ರಿಕೆ ಹಾಸಿ 24 ಗಂಟೆ ಬಿಡಿ. ನೀರಿನ ಹನಿಯಾದರೆ ಒಣಗಿಹೋಗುತ್ತದೆ. ಗ್ಲೈಕಾಲ್ ಬಿದ್ದರೆ ಕಾಗದ ಎಣ್ಣೆ ಬಿದ್ದ ಹಾಗೆ ಪಾರದರ್ಶಕವಾಗಿ ಹಾಗೇ ಉಳಿಯುತ್ತದೆ, ಮಾರನೇ ದಿನವೂ ಒಣಗುವುದಿಲ್ಲ.

ನೀಲಿ ಟ್ಯೂಬಿನ ಕೆಳಗಿನ ಜಿಗುಟನ್ನು ಮರೆಯಬೇಡಿ. ಅದು ತಾನಾಗೇ ಒಣಗುವುದಿಲ್ಲ. ದೂಳು ಕುಡಿದು, ತೇವ ಕುಡಿದು ಅಲ್ಲೇ ಕೂತು ತಾಮ್ರ ತಿನ್ನುತ್ತದೆ. ಗ್ಲೈಕಾಲ್ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಡಿಸ್ಟಿಲ್ಡ್ ವಾಟರಿನ ಒದ್ದೆ ಬಟ್ಟೆಯಲ್ಲಿ ಮೊದಲು ಒರೆಸಿ, ಆಮೇಲೆ ಐಸೊಪ್ರೊಪೈಲ್. ಬೋರ್ಡಿನ ಮೇಲೆ ಹನಿ ಬಿದ್ದಿದ್ದರೆ ಬೋರ್ಡ್ ತೆಗೆದು ಕನೆಕ್ಟರಿನ ಪಿನ್‌ಗಳಲ್ಲಿ ಹಸಿರು ಕಿಲುಬು ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಎಥಿಲೀನ್ ಗ್ಲೈಕಾಲ್ ವಿಷ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಸಿಹಿ. ಸಿಹಿ ಇರುವುದೇ ತೊಂದರೆ. ನಾಯಿ ನೆಕ್ಕುತ್ತದೆ, ಮಗು ಕುಡಿಯುತ್ತದೆ. ದೊಡ್ಡವರಿಗೂ 100 ಮಿಲಿ ಆಸುಪಾಸು ಪ್ರಾಣಕ್ಕೆ ಸಾಕು. ಮೊದಲು ಕುಡಿದವರಂತೆ ತೂರಾಡುತ್ತಾರೆ, ಆಮೇಲೆ ಕಿಡ್ನಿ ನಿಲ್ಲುತ್ತದೆ. 2022ರಲ್ಲಿ ಗ್ಯಾಂಬಿಯಾ ದೇಶದ ಮಕ್ಕಳ ಸಾವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟ ಸಿರಪ್‌ಗಳಲ್ಲಿ ಸಿಕ್ಕಿದ್ದು ಇದೇ ಗ್ಲೈಕಾಲ್ ಮತ್ತು ಇದರ ಸಂಬಂಧಿ ಡೈಎಥಿಲೀನ್ ಗ್ಲೈಕಾಲ್. ಹಾಗಾಗಿ ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಅಡುಗೆಮನೆಯ ಲೋಟ, ಚಮಚ, ಕುಡಿಯುವ ನೀರಿನ ಬಾಟಲಿ ಯಾವುದನ್ನೂ ಈ ಕೆಲಸಕ್ಕೆ ತರಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಕೆಲಸ ಬೀಗ ಹಾಕುವ ಕೋಣೆಯಲ್ಲಿ ನಡೆಯಲಿ. ಯಾರಾದರೂ ಕುಡಿದರು ಅನ್ನುವ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಲಿ ಅಂತ ಕಾಯದೆ ಬಾಟಲಿ ಸಮೇತ ದೊಡ್ಡ ಆಸ್ಪತ್ರೆಗೆ ಓಡಿ. ಬೇಗ ಹೋದರೆ ಇದಕ್ಕೆ ಚಿಕಿತ್ಸೆ ಇದೆ. ಹಳೇ ದ್ರವವನ್ನು ಗಟಾರಿಗೂ ಹಿತ್ತಲಿಗೂ ಚೆಲ್ಲಬೇಡಿ. ಗಟ್ಟಿ ಮುಚ್ಚಳದ ಕ್ಯಾನಿಗೆ ಹಾಕಿ, ಮೇಲೆ ವಿಷ ಅಂತ ದೊಡ್ಡದಾಗಿ ಬರೆದು, ರೇಡಿಯೇಟರಿನ ಹಳೇ ಕೂಲಂಟನ್ನು ಸರಿಯಾಗಿ ವಿಲೇವಾರಿ ಮಾಡುವ ವರ್ಕ್‌ಶಾಪಿಗೆ ಕೊಡಿ. ಹಾಗೆ ಕೊಡುವವರೆಗೂ ಆ ಕ್ಯಾನ್ ಬೀಗದೊಳಗೇ ಇರಲಿ.

ಎಲ್ಲ ಜೋಡಿಸಿದ ಮೇಲೆ ಮೊದಲ ಸಲ ಚಾಲೂ ಮಾಡುವಾಗ ಕಾಂಟ್ರಾಸ್ಟ್ ಕಾಲುಭಾಗಕ್ಕೆ ಇಳಿಸಿ. ಅರ್ಧ ಗಂಟೆ ಓಡಿಸಿ, ಆರಿಸಿ, ಟಾರ್ಚಿನಲ್ಲಿ ಸೀಲಿನ ಸುತ್ತ ನೋಡಿ. ಮಾರನೇ ದಿನ ಒಂದು ಗಂಟೆ. ಆಮೇಲೆ ಲೆನ್ಸಿನ ಫೋಕಸ್ ಸರಿಮಾಡಿ, ಕೊನೆಗೆ ಕನ್ವರ್ಜೆನ್ಸ್, ಅಂದರೆ ಮೂರು ಬಣ್ಣದ ಚಿತ್ರವನ್ನು ಒಂದರ ಮೇಲೊಂದು ಕೂಡಿಸುವುದು. ಮಷಿನ್ ಪೂರ್ತಿ ಬಿಸಿಯಾಗದೆ ಕನ್ವರ್ಜೆನ್ಸ್ ಮುಟ್ಟಬೇಡಿ, ಅರ್ಧ ಗಂಟೆಯಾದರೂ ಓಡಿರಬೇಕು. ಇಲ್ಲದಿದ್ದರೆ ಮಾಡಿದ್ದೆಲ್ಲ ಸರಿದುಹೋಗುತ್ತದೆ.

ಬನಹಟ್ಟಿ ಅಂದಿರಿ, ಹಾಗಾಗಿ ಒಂದು ಮಾತು ವಿಶೇಷವಾಗಿ. ನಿಮ್ಮೂರ ಗಾಳಿಯಲ್ಲಿ ಮಗ್ಗದ ನೂಲಿನ ದೂಳು ಯಾವಾಗಲೂ ಇರುತ್ತದೆ. ಅದು ಫ್ಯಾನಿನ ಜಾಳಿಗೆಗೆ ಕಂಬಳಿಯಂತೆ ಮೆತ್ತಿಕೊಳ್ಳುತ್ತದೆ. ಆಗ ದ್ರವ ಎಷ್ಟೇ ಹೊಸದಿದ್ದರೂ ಶಾಖ ಹೊರಗೆ ಹೋಗುವುದಿಲ್ಲ. ಯುಗಾದಿ ಹೊತ್ತಿಗೆ ಬಿಸಿಲೂ ಏರಿರುತ್ತದೆ. ಶೋಗೆ ಮುಂಚೆ ಎಲ್ಲ ಫ್ಯಾನ್ ತಿರುಗುತ್ತಿವೆಯಾ ನೋಡಿ, ಜಾಳಿಗೆಯನ್ನು ಬ್ರಷ್‌ನಲ್ಲಿ ಸ್ವಚ್ಛ ಮಾಡಿ, ಶೋ ರಾತ್ರಿ ಇಟ್ಟುಕೊಳ್ಳಿ. ಮಧ್ಯಾಹ್ನ ಬೇಡ. ಕಾಂಟ್ರಾಸ್ಟ್ ಪೂರ್ತಿ ಏರಿಸಬೇಡಿ. ಕತ್ತಲೆ ಚೆನ್ನಾಗಿದ್ದರೆ ಅರ್ಧದಲ್ಲೇ ಚಿತ್ರ ತುಂಬಿ ಬರುತ್ತದೆ. ಹಳೇ ಕ್ಯಾಸೆಟ್ಟಿನ ಚಿತ್ರ ಈ ಟ್ಯೂಬುಗಳಲ್ಲಿ ಕಾಣುವಷ್ಟು ಹಿತವಾಗಿ ಇವತ್ತಿನ ಯಾವ ಪರದೆಯಲ್ಲೂ ಕಾಣುವುದಿಲ್ಲ ಅಂತ ನಾನು ನಂಬಿದ್ದೇನೆ. ಕಪ್ಪು ಇರುವ ಕಡೆ ಇಲ್ಲಿ ಬೆಳಕೇ ಹುಟ್ಟುವುದಿಲ್ಲ. ಅಪ್ಪ ಅದನ್ನು ನೋಡಿದವರು, ಅವರಿಗೆ ಗೊತ್ತಿರುತ್ತದೆ.

ತೊಳೆದು ಒಣಗಿಸಲು ಒಂದು ದಿನ, ಗುಳ್ಳೆ ಬಿಡಲು ಒಂದು ದಿನ, ಸೋರಿಕೆ ಪರೀಕ್ಷೆಗೆ ಒಂದು ದಿನ, ಜೋಡಿಸಿ ಬಣ್ಣ ಕೂಡಿಸಲು ಎರಡು ದಿನ. ಒಂದು ವಾರ ಕೈಯಲ್ಲಿಟ್ಟುಕೊಳ್ಳಿ. ಉದ್ಯಮಬಾಗಿಗೆ ಹೋಗುವಾಗ ಹಳೇ ರಿಂಗನ್ನು ಎಸೆಯದೆ ಲಕೋಟೆಯಲ್ಲಿ ಹಾಕಿಕೊಂಡು ಬನ್ನಿ, ಯಾವ ಟ್ಯೂಬಿನದು ಅಂತ ಮೇಲೆ ಬರೆದಿರಲಿ. ಚಪ್ಪಟೆಯಾದ ರಿಂಗಿನ ದಪ್ಪ ಅಳೆದರೆ ತಪ್ಪು ಬರುತ್ತದೆ. ಆದ್ದರಿಂದ ಚೌಕಟ್ಟಿನಲ್ಲಿ ಅದು ಕೂರುವ ತೋಡಿನ ಅಗಲ, ಆಳ ಎರಡನ್ನೂ ವರ್ನಿಯರ್‌ನಲ್ಲಿ ಅಳೆದು ಅದೇ ಲಕೋಟೆಯ ಮೇಲೆ ಬರೆದುಕೊಳ್ಳಿ. ಅಂಗಡಿಯವರು ಮೊದಲು ಕೇಳುವುದು ಅದನ್ನೇ.